ಕೈಯಲ್ಲಿದ್ದೂ ಕೈಗೆ ಬಾರದ ಆಸ್ತಿ
ಮುಂಬಯಿಯ ಸೊಸೈಟಿ, ಪಗಡಿ ಹೊಟೇಲು, ಊರಿನ ಹಡಿಲು ಗದ್ದೆ: ಕಾಗದಪತ್ರ ಸರಿಯಿಲ್ಲದೆ ನಮ್ಮವರು ಕಳೆದುಕೊಳ್ಳುತ್ತಿರುವುದೇನು?

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ನಮ್ಮ ಹಿರಿಯರು ಇಲ್ಲಿ ಪಟ್ಟ ಪಾಡು ಎಲ್ಲರಿಗೂ ಗೊತ್ತಿರುವಂಥದ್ದೇ. ಹಗಲು ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು, ಮಿಲ್ಲು, ರೈಲ್ವೆ ಕಚೇರಿಗಳಲ್ಲಿ ದುಡಿದು ಅವರು ಕಟ್ಟಿಕೊಂಡ ಬದುಕಿನ ಮೇಲೆಯೇ ಇಂದಿನ ನಮ್ಮ ಮೂರನೆಯ ತಲೆಮಾರು ನಿಂತಿದೆ. ಆ ದುಡಿಮೆಯ ಫಲವಾಗಿ ಸಾಮಾನ್ಯವಾಗಿ ಮೂರು ಬಗೆಯ ಆಸ್ತಿ ನಮ್ಮವರ ಕೈಸೇರಿತು. ಒಂದು, ಉಪನಗರದ ಯಾವುದೋ ಸೊಸೈಟಿಯಲ್ಲಿ ಒಂದು ಫ್ಲ್ಯಾಟು. ಎರಡು, ಉದ್ಯಮಿಗಳಾದವರಿಗೆ ಪಗಡಿಯ ಮೇಲೆ ಪಡೆದ ಹೊಟೇಲಿನ ಜಾಗ. ಮೂರು, ಊರಿನಲ್ಲಿ ಪಿತ್ರಾರ್ಜಿತವಾಗಿ ಬಂದ ಗದ್ದೆ, ತೋಟ, ಹಳೆಯ ಮನೆ.

ಇಂದು ಈ ಮೂರನ್ನೂ ಲೆಕ್ಕ ಹಾಕಿದರೆ ಎಷ್ಟೋ ಕುಟುಂಬಗಳು ಶ್ರೀಮಂತ ಕುಟುಂಬಗಳೇ ಸರಿ. ಆದರೆ ಮಳೆಗಾಲದಲ್ಲಿ ಅದೇ ಫ್ಲ್ಯಾಟಿನ ಛಾವಣಿ ಸೋರುತ್ತಿರುತ್ತದೆ. ಹೊಟೇಲನ್ನು ಮುಂದುವರಿಸಲು ಮಕ್ಕಳಿಗೆ ಮನಸ್ಸಿಲ್ಲ, ಮಾರಲು ಹೊರಟರೆ ಬಾಡಿಗೆ ರಶೀದಿ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಊರಿನ ಗದ್ದೆಯಲ್ಲಿ ಆಳೆತ್ತರ ಹುಲ್ಲು. ಆಸ್ತಿ ಇದೆ, ಅದರ ಪ್ರಯೋಜನ ಮಾತ್ರ ಇಲ್ಲ.

ಬಂಡವಾಳವಿಲ್ಲದ್ದೇ ಇದಕ್ಕೆ ಕಾರಣವೆಂದು ಹಲವರು ಹೇಳುತ್ತಾರೆ. ಸ್ವಲ್ಪ ವಿಚಾರಿಸಿ ನೋಡಿದರೆ ಹೆಚ್ಚಿನ ಕಡೆ ತೊಡಕು ದಾಖಲೆಪತ್ರಗಳಲ್ಲಿ ಇರುವುದು ಕಂಡುಬರುತ್ತದೆ. ಒಡೆತನದ ದಾಖಲೆ ಯಾರ ಹೆಸರಿನಲ್ಲಿರಬೇಕೋ ಅವರ ಹೆಸರಿನಲ್ಲಿಲ್ಲ. ಅದನ್ನು ಸರಿಪಡಿಸಲು ಕಾನೂನು ದಾರಿ ತೋರಿಸಿದ್ದರೂ 'ಮುಂದೆ ನೋಡೋಣ' ಎಂದು ವರ್ಷಗಳು ಕಳೆದಿವೆ. ಈ ವಿಳಂಬಕ್ಕೆ ತೆರುವ ಬೆಲೆ ಎಷ್ಟು ಎಂಬುದನ್ನು ಒಂದೊಂದಾಗಿ ನೋಡೋಣ.

ಫ್ಲ್ಯಾಟು ನಮ್ಮದು, ಜಮೀನು ಯಾರದು?

ಘಾಟ್‌ಕೋಪರ್, ಮುಲುಂಡ್, ಬೊರಿವಲಿ, ಡೊಂಬಿವಲಿ ಮೊದಲಾದ ಕಡೆ 1970 ಮತ್ತು 80ರ ದಶಕಗಳಲ್ಲಿ ಕಟ್ಟಿದ ಮೂರು-ನಾಲ್ಕು ಮಾಳಿಗೆಯ ಕಟ್ಟಡಗಳಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಸೊಸೈಟಿ ನೋಂದಣಿಯಾಗಿದೆ, ಶೇರು ಸರ್ಟಿಫಿಕೇಟು ಕಪಾಟಿನಲ್ಲಿದೆ, ತಿಂಗಳ ಮೆಂಟೆನೆನ್ಸ್ ತಪ್ಪದೆ ಕಟ್ಟುತ್ತಿದ್ದಾರೆ. ಆದುದರಿಂದ ಎಲ್ಲವೂ ತಮ್ಮದೆಂಬ ಭಾವನೆ ಸಹಜ. ಆದರೆ ಕಟ್ಟಡ ನಿಂತಿರುವ ಜಮೀನಿನ ದಾಖಲೆಯನ್ನು, ಅಂದರೆ ಪ್ರಾಪರ್ಟಿ ಕಾರ್ಡನ್ನು ಅಥವಾ 7/12 ಉತಾರೆಯನ್ನು ತೆಗೆಸಿ ನೋಡಿದವರು ಎಷ್ಟು ಮಂದಿ? ಅನೇಕ ಸೊಸೈಟಿಗಳಲ್ಲಿ ಅದು ಇನ್ನೂ ಹಳೆಯ ಬಿಲ್ಡರನ ಅಥವಾ ಅವನಿಗೆ ಜಾಗ ಕೊಟ್ಟ ಮೂಲ ಮಾಲೀಕನ ಹೆಸರಿನಲ್ಲಿಯೇ ಇದೆ.

ಮಹಾರಾಷ್ಟ್ರದಲ್ಲಿ 'ಮೋಫಾ' ಎಂದು ಕರೆಯಲ್ಪಡುವ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯ್ದೆ ಬಂದದ್ದು 1963ರಲ್ಲಿ. ಅದರ 11ನೆಯ ಕಲಮಿನ ಪ್ರಕಾರ ಬಿಲ್ಡರನು ಜಮೀನು ಮತ್ತು ಕಟ್ಟಡದ ಒಡೆತನವನ್ನು ಸೊಸೈಟಿಗೆ ಬರೆದುಕೊಡಬೇಕು. ಒಪ್ಪಂದದಲ್ಲಿ ಬೇರೆ ಅವಧಿ ಹೇಳದಿದ್ದರೆ ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ಈ ಕೆಲಸ ಆಗಬೇಕೆಂದು ನಿಯಮ. ಇದನ್ನೇ ಕನ್ವೇಯನ್ಸ್ ಎನ್ನುತ್ತಾರೆ. ಬಿಲ್ಡರನಿಗೆ ಅದನ್ನು ಮಾಡಿಕೊಡುವ ಅವಸರವಿರಲಿಲ್ಲ, ಏಕೆಂದರೆ ಮುಂದೆ ಹೆಚ್ಚು ಕಟ್ಟಲು ಅವಕಾಶ ಬಂದರೆ ಅದು ತನ್ನದಾಗಲಿ ಎಂಬ ಲೆಕ್ಕ ಅವನದು. ಸದಸ್ಯರಿಗೂ ಅವಸರವಿರಲಿಲ್ಲ, ಏಕೆಂದರೆ ಮನೆಯಂತೂ ಸಿಕ್ಕಿತ್ತು.

ಇದಕ್ಕೆ ಪರಿಹಾರವಾಗಿ 2008ರ ಫೆಬ್ರವರಿಯಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಬಿಲ್ಡರನು ಬರೆದುಕೊಡದಿದ್ದರೆ, ತೀರಿಹೋಗಿದ್ದರೆ, ಇಲ್ಲವೆ ಪತ್ತೆಯೇ ಇಲ್ಲದಿದ್ದರೆ ಸೊಸೈಟಿಯು ಸಹಕಾರಿ ಸಂಘಗಳ ಜಿಲ್ಲಾ ಉಪನಿಬಂಧಕರ ಮುಂದೆ ಅರ್ಜಿ ಸಲ್ಲಿಸಬಹುದು. ಅವರು ಎರಡೂ ಕಡೆಯವರ ವಾದ ಕೇಳಿ, ಆರು ತಿಂಗಳೊಳಗೆ ತೀರ್ಮಾನಿಸಿ, ಸೊಸೈಟಿಗೆ ಹಕ್ಕಿದೆಯೆಂದು ಪ್ರಮಾಣಪತ್ರ ಕೊಡಬೇಕು. ಅದರ ಆಧಾರದಲ್ಲಿ ಪತ್ರ ನೋಂದಣಿಯಾಗುತ್ತದೆ. ಬಿಲ್ಡರನ ಸಹಿಯ ಅಗತ್ಯವಿಲ್ಲ. ಇದೇ 'ಡೀಮ್ಡ್ ಕನ್ವೇಯನ್ಸ್'. ಕಟ್ಟಡಕ್ಕೆ ಒಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ ಇಲ್ಲವೆಂದು ಹಿಂಜರಿಯುವ ಸೊಸೈಟಿಗಳಿವೆ. ಅದೊಂದೇ ಕಾರಣಕ್ಕೆ ಅರ್ಜಿ ನಿಲ್ಲಬೇಕಿಲ್ಲ. 2018ರ ಜೂನ್ ತಿಂಗಳ ಸರಕಾರಿ ಆದೇಶವು ದಾಖಲೆಗಳ ಪಟ್ಟಿಯನ್ನು ಚಿಕ್ಕದು ಮಾಡಿ, ಒಸಿ ಇಲ್ಲದ ಕಡೆ ಸ್ವಘೋಷಣೆಯನ್ನು ಒಪ್ಪಿಕೊಂಡಿದೆ.

ಬೇಕಾದ ಮುಖ್ಯ ದಾಖಲೆಗಳೆಂದರೆ ಸೊಸೈಟಿಯ ನೋಂದಣಿ ಪತ್ರ, ಸದಸ್ಯರ ಪಟ್ಟಿ, ಬಿಲ್ಡರನೊಡನೆ ಮಾಡಿಕೊಂಡ ಫ್ಲ್ಯಾಟಿನ ಒಪ್ಪಂದ, ಇಂಡೆಕ್ಸ್-2, ಪ್ರಾಪರ್ಟಿ ಕಾರ್ಡ್ ಇಲ್ಲವೆ 7/12 ಉತಾರೆ, ಮಂಜೂರಾದ ನಕ್ಷೆ. ಹಳೆಯ ಒಪ್ಪಂದಗಳಿಗೆ ಸರಿಯಾದ ಸ್ಟ್ಯಾಂಪ್ ಡ್ಯೂಟಿ ಕಟ್ಟಿರದಿದ್ದರೆ ಆ ಬಾಕಿ ತೀರಿಸಬೇಕು. ಇಪ್ಪತ್ತು ಸದಸ್ಯರಲ್ಲಿ ಹದಿನೆಂಟು ಮಂದಿ ಎಲ್ಲವನ್ನೂ ಸರಿಯಾಗಿ ಇಟ್ಟುಕೊಂಡು, ಇನ್ನಿಬ್ಬರ ಕಾಗದ ಸಿಗದೆ ಇಡೀ ಅರ್ಜಿ ನಿಲ್ಲುವುದುಂಟು. ಆ ಇಬ್ಬರು ನಾವಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಒಂದು ಸರಳ ಲೆಕ್ಕ

ಕನ್ವೇಯನ್ಸ್ ಇಲ್ಲದಿದ್ದರೆ ನಷ್ಟವೇನು? ಒಂದು ಲೆಕ್ಕ ಮಾಡಿ ನೋಡೋಣ. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಪ್ರಮಾಣಕ್ಕೆ ಎಫ್‌ಎಸ್‌ಐ ಎನ್ನುತ್ತಾರೆ. ಉಪನಗರದಲ್ಲಿ 1,000 ಚದರ ಮೀಟರ್ ನಿವೇಶನದ ಮೇಲೆ ಹಿಂದೆ ಒಂದು ಪಟ್ಟು, ಅಂದರೆ 1,000 ಚದರ ಮೀಟರ್ ಕಟ್ಟಿದ್ದಾರೆ ಎಂದುಕೊಳ್ಳಿ. 2018ರಲ್ಲಿ ಮುಂಬಯಿಗೆ ಜಾರಿಯಾದ ಹೊಸ ಅಭಿವೃದ್ಧಿ ನಿಯಮಾವಳಿ, ಡಿಸಿಪಿಆರ್ 2034ರ ಪ್ರಕಾರ, ಆ ನಿವೇಶನದ ಮುಂದೆ ಸುಮಾರು 12ರಿಂದ 18 ಮೀಟರ್ ಅಗಲದ ರಸ್ತೆ ಇದ್ದರೆ ಮೂಲ 1.0, ಸರಕಾರಕ್ಕೆ ಪ್ರೀಮಿಯಂ ಕಟ್ಟಿ ಪಡೆಯುವ 0.5, ಮಾರುಕಟ್ಟೆಯಿಂದ ಕೊಳ್ಳುವ ಟಿಡಿಆರ್ 0.7, ಒಟ್ಟು 2.2 ಎಫ್‌ಎಸ್‌ಐ ಸಿಗಬಹುದು. ಅದರ ಮೇಲೆ ಶೇ. 35ರಷ್ಟು 'ಫಂಜಿಬಲ್' ಜಾಗ. ಒಟ್ಟು 2,970 ಚದರ ಮೀಟರ್. ಅಂದರೆ ಈಗಿರುವುದರ ಹತ್ತಿರ ಹತ್ತಿರ ಮೂರು ಪಟ್ಟು!

ಈ ಹೆಚ್ಚುವರಿ ಜಾಗವನ್ನು ಮಾರಿಯೇ ಹೊಸ ಕಟ್ಟಡದ ಖರ್ಚು, ಸದಸ್ಯರಿಗೆ ಸ್ವಲ್ಪ ದೊಡ್ಡ ಮನೆ, ಲಿಫ್ಟು, ಪಾರ್ಕಿಂಗ್ ಇವೆಲ್ಲ ಹೊರಡುವುದು. ಜಮೀನು ಸೊಸೈಟಿಯ ಹೆಸರಿನಲ್ಲಿದ್ದರೆ ಈ ಹಕ್ಕಿನ ಮೇಲೆ ಮಾತುಕತೆ ನಡೆಸುವ ಬಲ ಸೊಸೈಟಿಗೆ ಇರುತ್ತದೆ. ಇಲ್ಲದಿದ್ದರೆ ಹಳೆಯ ಬಿಲ್ಡರನ ಅಥವಾ ಅವನ ವಾರಸುದಾರರ ಸಹಿಗಾಗಿ ಕಾಯಬೇಕು, ಆ ಸಹಿಗೆ ಬೆಲೆಯನ್ನೂ ತೆರಬೇಕು.

ಆದರೆ ಎಲ್ಲ ಕಟ್ಟಡಕ್ಕೂ ಈ ಲೆಕ್ಕ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಮುಂದಿನ ರಸ್ತೆ 9 ಮೀಟರಿಗಿಂತ ಕಿರಿದಾಗಿದ್ದರೆ ಈ ಪ್ರೀಮಿಯಂ ಮತ್ತು ಟಿಡಿಆರ್ ಸಿಗುವುದಿಲ್ಲ. ಸಾಂತಾಕ್ರೂಜ್, ವಿಲೆಪಾರ್ಲೆ, ಕುರ್ಲಾ ಸುತ್ತಮುತ್ತ ವಿಮಾನ ನಿಲ್ದಾಣದ ಕಾರಣದಿಂದ ಕಟ್ಟಡದ ಎತ್ತರಕ್ಕೆ ಮಿತಿಯಿದೆ. ಠಾಣೆ, ಡೊಂಬಿವಲಿ, ಮೀರಾ-ಭಾಯಂದರ್‌ಗಳಿಗೆ ಮುಂಬಯಿಯ ನಿಯಮ ಅನ್ವಯಿಸದು, ಅಲ್ಲಿಗೆ 2020ರ ಡಿಸೆಂಬರಿನಲ್ಲಿ ಮಂಜೂರಾದ ಏಕೀಕೃತ ನಿಯಮಾವಳಿ ಇದೆ. ಪಕ್ಕದ ಕಟ್ಟಡದವರಿಗೆ ಸಿಕ್ಕಿತೆಂದು ನಮಗೂ ಅಷ್ಟೇ ಸಿಗಬೇಕೆಂದು ಪಟ್ಟು ಹಿಡಿದು ಒಳ್ಳೆಯ ಪ್ರಸ್ತಾಪಗಳನ್ನು ತಳ್ಳಿಹಾಕಿದ ಸೊಸೈಟಿಗಳೂ ಇವೆ. ಸ್ವತಂತ್ರ ವಾಸ್ತುಶಿಲ್ಪಿಯಿಂದ ನಮ್ಮ ನಿವೇಶನದ ಫೀಸಿಬಿಲಿಟಿ ವರದಿ ತರಿಸಿಕೊಂಡ ಮೇಲೆಯೇ ಮಾತುಕತೆಗೆ ಇಳಿಯುವುದು ಜಾಣತನ.

ಅವಸರವೂ ಅಪಾಯವೇ

ಮಾಡದೆ ಕುಳಿತರೆ ನಷ್ಟ, ಕಣ್ಣು ಮುಚ್ಚಿ ಮಾಡಿದರೆ ಅದಕ್ಕಿಂತ ದೊಡ್ಡ ನಷ್ಟ. ಗೋರೆಗಾಂವ್‌ನ ಪತ್ರಾ ಚಾಳಿನ ಕಥೆ ಮುಂಬಯಿಗರಿಗೆ ತಿಳಿಯದ್ದೇನಲ್ಲ. ಅಲ್ಲಿನ 672 ಕುಟುಂಬಗಳ ಪುನರ್ವಸತಿಗೆ 2008ರಲ್ಲಿ ಒಪ್ಪಂದವಾಯಿತು. ಜನ ಮನೆ ಬಿಟ್ಟು ಹೊರಬಂದರು. ಕೆಲಸ ನಿಂತುಹೋಗಿ, ಬಾಡಿಗೆ ಹಣವೂ ನಿಂತು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಸ್ವಂತ ಮನೆಯಿಲ್ಲದೆ ಅಲೆಯಬೇಕಾಯಿತು.

ಇಂಥದ್ದು ಆಗದಿರಲೆಂದೇ ಸಹಕಾರಿ ಕಾಯ್ದೆಯ 79ಎ ಕಲಮಿನ ಕೆಳಗೆ ಸರಕಾರ ಮಾರ್ಗಸೂಚಿ ಹೊರಡಿಸಿತು. 2019ರ ಜುಲೈ 4ರ ಮಾರ್ಗಸೂಚಿಯ ಪ್ರಕಾರ ಪುನರ್‌ನಿರ್ಮಾಣದ ವಿಶೇಷ ಸಭೆಗೆ ಮೂರರಲ್ಲಿ ಎರಡು ಪಾಲು ಸದಸ್ಯರು ಹಾಜರಿರಬೇಕು, ಒಟ್ಟು ಸದಸ್ಯರಲ್ಲಿ ಶೇ. 51 ಮಂದಿಯ ಒಪ್ಪಿಗೆ ಬೇಕು, ಸಭೆಯ ವಿಡಿಯೊ ಆಗಬೇಕು, ಬಿಲ್ಡರನು ಯೋಜನಾ ವೆಚ್ಚದ ಶೇ. 20ರಷ್ಟು ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಈಚಿನ ತಿದ್ದುಪಡಿ ಏನಿದೆಯೆಂದು ಉಪನಿಬಂಧಕರ ಕಚೇರಿಯಲ್ಲಿ ವಿಚಾರಿಸಿಕೊಂಡು ಮುಂದುವರಿಯುವುದು ಒಳ್ಳೆಯದು. 'ಗ್ಯಾರಂಟಿ ಎಲ್ಲ ಯಾಕೆ, ನಮ್ಮವನೇ ಅಲ್ಲವೇ' ಎಂದು ಪರಿಚಯದ ಮೇಲೆ ಸಹಿ ಹಾಕುವುದು ಬೇಡ. ಪರಿಚಯ ಪರಿಚಯದ ಜಾಗದಲ್ಲಿರಲಿ, ಕರಾರು ಕಾಗದದಲ್ಲಿರಲಿ.

ಬಿಲ್ಡರನೇ ಬೇಡವೆನ್ನುವ ಸೊಸೈಟಿಗಳಿಗೆ ಸ್ವಯಂ ಪುನರ್‌ನಿರ್ಮಾಣದ ದಾರಿಯೂ ಇದೆ. 2019ರ ಸೆಪ್ಟೆಂಬರಿನಲ್ಲಿ ಸರಕಾರ ಇದಕ್ಕೆ ಕೆಲವು ರಿಯಾಯಿತಿಗಳನ್ನು ಪ್ರಕಟಿಸಿತು. ಮುಂಬಯಿ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಇಂಥ ಸೊಸೈಟಿಗಳಿಗೆ ಸಾಲ ಕೊಡಲು ಮುಂದೆ ಬಂತು. ಇಲ್ಲಿ ಲಾಭ ಸದಸ್ಯರಿಗೇ ಉಳಿಯುತ್ತದೆ, ಹೊಣೆಯೂ ಸದಸ್ಯರದೇ. ಹೊತ್ತು ಕೊಟ್ಟು ದುಡಿಯುವ ನಾಲ್ಕಾರು ಮಂದಿ, ಲೆಕ್ಕ ಬಲ್ಲವರು ಸಮಿತಿಯಲ್ಲಿದ್ದರೆ ಮಾತ್ರ ಇದು ಸಾಧ್ಯ. ಸಹಕಾರವೆಂಬುದು ನಮ್ಮವರಿಗೆ ಹೊಸದಲ್ಲ. ಬಿಲ್ಲವರ ಅಸೋಸಿಯೇಶನ್ನಿನ ಆಶ್ರಯದಲ್ಲಿ 1978ರಲ್ಲಿ ಹುಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕು ನಮ್ಮ ಕಣ್ಣೆದುರಿಗೇ ಬೆಳೆದದ್ದಲ್ಲವೇ?

ಕಟ್ಟಡ ಕೆಡವುವ ಮಾತು ದೂರವಿದ್ದರೂ ಇರುವ ಜಾಗದಿಂದಲೇ ಸೊಸೈಟಿಗೆ ಉಪಯೋಗ ಮಾಡಿಕೊಳ್ಳಬಹುದು. ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರನು ಪ್ರತ್ಯೇಕವಾಗಿ ಮಾರುವಂತಿಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟಪಡಿಸಿದೆ. ಖಾಲಿ ಛಾವಣಿಯ ಮೇಲೆ ಸೌರಫಲಕ ಹಾಕಿದರೆ ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಕರೆಂಟು ಬಿಲ್ಲು ಇಳಿಯುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸೊಸೈಟಿಯ ಸಾಮಾನ್ಯ ಬಳಕೆಗೆ ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಜಾಹೀರಾತು ಫಲಕದ ಬಾಡಿಗೆ ಆಸೆ ಹುಟ್ಟಿಸುವಂಥದ್ದೇ. ಆದರೆ 2024ರ ಮೇ 13ರಂದು ಘಾಟ್‌ಕೋಪರಿನಲ್ಲಿ ದೈತ್ಯ ಫಲಕ ಬಿದ್ದು 17 ಮಂದಿ ಪ್ರಾಣ ಕಳೆದುಕೊಂಡದ್ದನ್ನು ನೆನಪಿಟ್ಟುಕೊಂಡು, ಪಾಲಿಕೆಯ ಪರವಾನಗಿ ಮತ್ತು ಕಟ್ಟಡದ ತಾಳಿಕೆಯ ವರದಿ ಇಲ್ಲದೆ ಯಾವುದಕ್ಕೂ ಒಪ್ಪಬಾರದು.

ಪಗಡಿಯ ಗಾಳಾ, ಬದಲಾಗದ ರಶೀದಿ

ಇನ್ನು ಹೊಟೇಲು ಉದ್ಯಮದ ಮಾತು. ಫೋರ್ಟ್, ಗಿರ್ಗಾಂವ್, ದಾದರ್, ಮಾಟುಂಗ ಭಾಗಗಳ ಹಳೆಯ ಕಟ್ಟಡಗಳಲ್ಲಿ ನಮ್ಮವರ ಹೊಟೇಲುಗಳು ಹೆಚ್ಚಾಗಿ ಪಗಡಿಯ ಜಾಗದಲ್ಲಿವೆ. ಬಾಡಿಗೆ ಅತ್ಯಲ್ಪ, ಜಾಗದ ಬೆಲೆ ಅಪಾರ. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 56ನೆಯ ಕಲಮು ಪಗಡಿ ಹಣ ಕೊಡುವುದು-ತೆಗೆದುಕೊಳ್ಳುವುದನ್ನು ಕಾನೂನುಬದ್ಧಗೊಳಿಸಿತು. ಆದ್ದರಿಂದ ಈ ಹಕ್ಕಿಗೆ ಬೆಲೆಯಿದೆ, ಅದನ್ನು ಮಾಲೀಕನ ಒಪ್ಪಿಗೆಯೊಂದಿಗೆ ವರ್ಗಾಯಿಸಬಹುದು.

ತೊಂದರೆ ಇರುವುದು ರಶೀದಿಯಲ್ಲಿ. ಹೊಟೇಲು ಆರಂಭಿಸಿದ ಹಿರಿಯರು ತೀರಿಹೋಗಿ ಎಷ್ಟೋ ವರ್ಷಗಳಾದರೂ ಬಾಡಿಗೆ ರಶೀದಿ ಅವರ ಹೆಸರಿನಲ್ಲಿಯೇ ಬರುತ್ತಿರುತ್ತದೆ. ವ್ಯಾಪಾರದ ಜಾಗದ ಬಾಡಿಗೆ ಹಕ್ಕು ಯಾರಿಗೆ ಹೋಗಬೇಕೆಂಬುದಕ್ಕೆ, ಬಾಡಿಗೆದಾರನೊಂದಿಗೆ ಆ ವ್ಯಾಪಾರ ನಡೆಸುತ್ತಿದ್ದ ಕುಟುಂಬದ ಸದಸ್ಯರು ಯಾರು ಎಂಬುದು ಮುಖ್ಯವಾಗುತ್ತದೆ. ಗಲ್ಲಾದಲ್ಲಿ ಕುಳಿತ ಮಗನ ಹೆಸರು ಲೈಸನ್ಸಿನಲ್ಲಾಗಲಿ ತೆರಿಗೆ ಕಾಗದದಲ್ಲಾಗಲಿ ಪಾಲುದಾರಿಕೆ ಪತ್ರದಲ್ಲಾಗಲಿ ಎಲ್ಲೂ ಇಲ್ಲದಿದ್ದರೆ, ನಾಳೆ ಅದನ್ನು ಸಿದ್ಧಪಡಿಸುವುದು ಕಷ್ಟ. ಹಿರಿಯರು ಇರುವಾಗಲೇ ಈ ಕೆಲಸ ಮಾಡಿಸಿಕೊಂಡರೆ ಮನೆಯೊಳಗಿನ ಮನಸ್ತಾಪವೂ ತಪ್ಪುತ್ತದೆ.

ಎರಡನೆಯದು 'ಕಂಡಕ್ಟಿಂಗ್'. ತಮಗೆ ನಡೆಸಲಾಗದೆ ಹೊಟೇಲನ್ನು ಬೇರೆಯವರಿಗೆ ತಿಂಗಳ ಲೆಕ್ಕದಲ್ಲಿ ನಡೆಸಲು ಕೊಡುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವಂತಿಲ್ಲವೆಂದು ಕಾಯ್ದೆಯ 26ನೆಯ ಕಲಮು ಹೇಳುತ್ತದೆ. ಬಾಯಿಮಾತಿನ ಕಂಡಕ್ಟಿಂಗನ್ನು ಕಟ್ಟಡದ ಮಾಲೀಕನು ಒಳಬಾಡಿಗೆ ಎಂದು ಕೋರ್ಟಿಗೆ ಎಳೆದರೆ ಜಾಗವೇ ಕೈತಪ್ಪಬಹುದು. ಕರಾರು ವಕೀಲರಿಂದ ಬರೆಸಿದ್ದಾಗಿರಲಿ.

ಮೂರನೆಯದು ಹೆಚ್ಚಿನವರಿಗೆ ತಿಳಿದಿಲ್ಲ. ಪಾವತಿಯಾದ ಶೇರು ಬಂಡವಾಳ ಒಂದು ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿರುವ ಲಿಮಿಟೆಡ್ ಕಂಪನಿಗೆ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇಲ್ಲ. ಉದ್ಯಮ ಬೆಳೆಯಿತೆಂದು ಪಾಲುದಾರಿಕೆಯನ್ನು ಕಂಪನಿಯಾಗಿಸಿ, ಬಾಡಿಗೆ ಹಕ್ಕನ್ನೂ ಅದರ ಹೆಸರಿಗೆ ಮಾಡಿ, ಬಂಡವಾಳ ಏರಿಸಿದರೆ ಹಿರಿಯರ ಕಾಲದ ರಕ್ಷಣೆ ಒಂದೇ ಸಹಿಯಲ್ಲಿ ಹೋಗಬಹುದು. ಚಾರ್ಟರ್ಡ್ ಅಕೌಂಟೆಂಟರ ಸಲಹೆಯ ಜೊತೆಗೆ ಆಸ್ತಿ ವಕೀಲರ ಸಲಹೆಯನ್ನೂ ಕೇಳಬೇಕೆನ್ನುವುದು ಇದಕ್ಕಾಗಿ.

ದಕ್ಷಿಣ ಮುಂಬಯಿಯಲ್ಲಿ 1969ರ ಸೆಪ್ಟೆಂಬರಿಗಿಂತ ಮೊದಲಿನ, ದುರಸ್ತಿ ಸೆಸ್ ಕಟ್ಟುವ ಕಟ್ಟಡಗಳು ಒಂದೊಂದಾಗಿ ಪುನರ್‌ನಿರ್ಮಾಣಕ್ಕೆ ಹೋಗುತ್ತಿವೆ. ವಾಸದ ಬಾಡಿಗೆದಾರರಿಗೆ ಕನಿಷ್ಠ 300 ಚದರ ಅಡಿಯ ಮನೆ ಸಿಗುತ್ತದೆ, ವ್ಯಾಪಾರಿಗೆ ಈಗ ಎಷ್ಟು ಜಾಗವಿದೆಯೋ ಅಷ್ಟೇ. ಹೊಟೇಲಿನವರಿಗೆ ಚದರ ಅಡಿಗಿಂತ ಮುಖ್ಯವಾದ ಪ್ರಶ್ನೆಗಳಿವೆ. ಹೊಸ ಜಾಗ ನೆಲಮಾಳಿಗೆಯಲ್ಲೇ, ರಸ್ತೆಗೆ ಮುಖವಾಗಿಯೇ ಸಿಗುತ್ತದೆಯೇ? ಅಡುಗೆಮನೆಯ ಹೊಗೆ ಹೋಗಲು ದಾರಿ, ನೀರು, ಗ್ಯಾಸಿನ ವ್ಯವಸ್ಥೆ ನಕ್ಷೆಯಲ್ಲಿದೆಯೇ? ಮೂರು-ನಾಲ್ಕು ವರ್ಷ ಹೊಟೇಲು ಮುಚ್ಚಿದರೆ ಗಿರಾಕಿ ಬೇರೆಡೆ ಹೋಗುತ್ತಾನೆ, ಕೆಲಸದವರು ಚದುರುತ್ತಾರೆ. ಆ ಅವಧಿಯ ಪರಿಹಾರ ಎಷ್ಟು? ಇವೆಲ್ಲ ನೋಂದಾಯಿತ ಒಪ್ಪಂದದಲ್ಲಿ ಅಕ್ಷರಕ್ಕಿಳಿಯಬೇಕು. ಜಾಗ ಬಿಟ್ಟುಕೊಟ್ಟ ಮೇಲೆ ಕೇಳಿದರೆ ಕೇಳುವವರು ಯಾರೂ ಇರುವುದಿಲ್ಲ.

ನಡೆಯುತ್ತಿರುವ ಹೊಟೇಲಿನಲ್ಲಿಯೂ ಬಳಕೆಯಾಗದ ಜಾಗ ಮತ್ತು ಹೊತ್ತು ಎಷ್ಟಿದೆಯೆಂದು ನೋಡಬಹುದು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಒಲೆಗಳು ತಣ್ಣಗಿರುತ್ತವೆ. ಅದೇ ಅಡುಗೆಮನೆಯಲ್ಲಿ ಇಡ್ಲಿ-ದೋಸೆ ಹಿಟ್ಟು, ಚಟ್ನಿಪುಡಿ, ಕಚೇರಿಗಳ ಊಟದ ಡಬ್ಬಿ ಸಿದ್ಧಪಡಿಸಬಹುದು. ಇದಕ್ಕೆ ಹೊಸ ಜಾಗ ಬೇಡ, ಆಹಾರ ಪರವಾನಗಿಯಲ್ಲಿ ಆ ವ್ಯವಹಾರವನ್ನು ಸೇರಿಸಿಕೊಳ್ಳಬೇಕು. ಇದಕ್ಕೆ ಬದಲಾಗಿ ಛಾವಣಿಯಲ್ಲೋ ಮೆಟ್ಟಿಲ ಕೆಳಗೋ ಮೇಜು ಹಾಕಿ, ಸಿಲಿಂಡರ್ ಇಟ್ಟು ಜಾಗ ಹೆಚ್ಚಿಸಿಕೊಂಡರೆ ಏನಾಗುತ್ತದೆಂಬುದನ್ನು 2017ರ ಡಿಸೆಂಬರ್ 29ರ ಕಮಲಾ ಮಿಲ್ಸ್ ಬೆಂಕಿ ದುರಂತ ಇಡೀ ಮುಂಬಯಿಗೆ ತೋರಿಸಿಕೊಟ್ಟಿತು.

ಹಡಿಲು ಬಿದ್ದ ಗದ್ದೆ, ಬೀಗ ಬಿದ್ದ ಮನೆ

ಕರ್ಮಭೂಮಿಯ ಆಸ್ತಿಯ ಸ್ಥಿತಿ ಹೀಗಾದರೆ ಜನ್ಮಭೂಮಿಯದು ಇನ್ನೊಂದು ಬಗೆ. ಒಂದು ಕಾಲಕ್ಕೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕಂಡ ಬೈಲುಗದ್ದೆಗಳು ಇಂದು ಹಡಿಲು ಬಿದ್ದಿವೆ. ಒಬ್ಬರು ಬೇಸಾಯ ಬಿಟ್ಟರೆ ತೋಡು ಹೂಳು ತುಂಬಿ ಪಕ್ಕದವರ ಗದ್ದೆಗೂ ನೀರಿನ ತೊಂದರೆ. ಗದ್ದೆಯಲ್ಲಿ ನೀರು ನಿಲ್ಲದಿದ್ದರೆ ಸುತ್ತಲಿನ ಬಾವಿಗಳ ಒಸರೂ ಕಡಿಮೆ. ಹೀಗೆ ನಮ್ಮ ಉದಾಸೀನದ ಬಿಸಿ ಊರಿನಲ್ಲಿ ಉಳಿದವರಿಗೆ ತಟ್ಟುತ್ತದೆ.

ಬೇರೆಯವರಿಗೆ ಬೇಸಾಯಕ್ಕೆ ಯಾಕೆ ಕೊಡಬಾರದು ಎಂದರೆ ಹಿರಿಯರು ಹೆದರುತ್ತಾರೆ. ಆ ಹೆದರಿಕೆಗೆ ಕಾರಣವೂ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಗೆ ಕೊಟ್ಟ ಭೂಮಿ ಉಳುವವನ ಪಾಲಾಯಿತು. ಅದರಿಂದ ಭೂಮಿ ಪಡೆದ ಕುಟುಂಬಗಳು ನಮ್ಮಲ್ಲಿವೆ, ಕಳೆದುಕೊಂಡವುಗಳೂ ಇವೆ. 2020ರಲ್ಲಿ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ ಕೃಷಿ ಜಮೀನು ಕೊಳ್ಳುವ ನಿರ್ಬಂಧ ಸಡಿಲವಾಯಿತು. ಆದರೆ ಕೃಷಿ ಜಮೀನನ್ನು ಗೇಣಿಗೆ ಕೊಡಲು ಸಾಮಾನ್ಯವಾಗಿ ಅವಕಾಶವಿಲ್ಲವೆಂಬ ನಿಯಮ ಹಾಗೆಯೇ ಇದೆ. ಆದ್ದರಿಂದ ಗದ್ದೆ ಹಡಿಲು ಬಿದ್ದರೂ ಸರಿ, ಪರರ ಕೈಗೆ ಕೊಡಬಾರದು ಎಂಬ ತೀರ್ಮಾನಕ್ಕೆ ಅನೇಕರು ಬಂದಿದ್ದಾರೆ.

ಇದಕ್ಕೊಂದು ದಾರಿಯನ್ನು ಉಡುಪಿ ತೋರಿಸಿಕೊಟ್ಟಿತು. 2021ರಲ್ಲಿ ಅಂದಿನ ಶಾಸಕ ಕೆ. ರಘುಪತಿ ಭಟ್ಟರ ಮುಂದಾಳತ್ವದಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿ ಕೃಷಿ ಆಂದೋಲನ ನಡೆಸಿ ಸಾವಿರಕ್ಕೂ ಹೆಚ್ಚು ಎಕರೆ ಹಡಿಲು ಗದ್ದೆಗಳಲ್ಲಿ ಬೆಳೆ ತೆಗೆಯಿತು. ತೋಡುಗಳ ಹೂಳು ತೆಗೆದು, ಊರವರನ್ನು ಸೇರಿಸಿಕೊಂಡು ನಾಟಿ ಮಾಡಿ, ಬಂದ ಅಕ್ಕಿಯನ್ನು 'ಉಡುಪಿ ಕೇದಾರ ಕಜೆ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಜಮೀನಿನ ಒಡೆತನ ಮಾಲೀಕರಲ್ಲಿಯೇ ಉಳಿಯಿತು. ಒಬ್ಬಂಟಿಯಾಗಿ ಆಗದ ಬೇಸಾಯ ಬೈಲಿನವರೆಲ್ಲ ಕೂಡಿದರೆ ಆಗುತ್ತದೆಂಬುದು ಇದರಿಂದ ತಿಳಿಯಿತು. ಒಂದೇ ಬೈಲಿನಲ್ಲಿ ಗದ್ದೆಯಿರುವ ಐದಾರು ಮುಂಬಯಿ ಕುಟುಂಬಗಳು ಸೇರಿ ಟಿಲ್ಲರ್, ನಾಟಿ ಯಂತ್ರ, ಕೊಯ್ಲು ಯಂತ್ರವನ್ನು ಒಟ್ಟಿಗೆ ಗೊತ್ತುಮಾಡಿದರೆ ಖರ್ಚೂ ಹಂಚಿಹೋಗುತ್ತದೆ.

ಯಾವುದನ್ನು ಮಾಡುವುದಕ್ಕೂ ಮೊದಲು ಪಹಣಿ ನೋಡಬೇಕು. ಅದರಲ್ಲಿ ಇನ್ನೂ ಮುತ್ತಜ್ಜನ ಹೆಸರಿದ್ದರೆ ಪೌತಿ ಖಾತೆ ಮಾಡಿಸಬೇಕು. ಇದಕ್ಕೆ ಎಲ್ಲ ವಾರಸುದಾರರು ಬೇಕು. ಹೆಣ್ಣುಮಕ್ಕಳೂ ಸಮಾನ ಪಾಲುದಾರರೆಂದು 2005ರ ತಿದ್ದುಪಡಿ ಹೇಳಿತು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ 1949ರ ಕಾಯ್ದೆಯಿಂದ ಪಾಲಾಗುವ ಹಕ್ಕು ಬಂದಿದ್ದರೂ ಎಷ್ಟೋ ಕುಟುಂಬದ ಮನೆಗಳ ಪಾಲುಪಟ್ಟಿ ಇಂದಿಗೂ ಆಗಿಲ್ಲ. ತಲೆಮಾರು ಒಂದು ಹೆಚ್ಚಾದಂತೆ ಸಹಿ ಹಾಕಬೇಕಾದವರ ಸಂಖ್ಯೆ ಐದರಿಂದ ಇಪ್ಪತ್ತಕ್ಕೆ, ಇಪ್ಪತ್ತರಿಂದ ಐವತ್ತಕ್ಕೆ ಏರುತ್ತದೆ. ಅವರಲ್ಲಿ ಕೆಲವರು ದುಬೈಯಲ್ಲಿ, ಕೆಲವರು ಅಮೆರಿಕದಲ್ಲಿ. ಇಂದು ಒಂದು ಮಧ್ಯಾಹ್ನ ಕುಳಿತು ಮುಗಿಸಬಹುದಾದ ಮಾತುಕತೆ ಇಪ್ಪತ್ತು ವರ್ಷದ ನಂತರ ಕೋರ್ಟಿನ ಮೆಟ್ಟಿಲೇರಬಹುದು.

ಇನ್ನೂ ಕೆಲವು ಎಚ್ಚರಿಕೆಗಳಿವೆ. ವರ್ಗ ಜಾಗದ ಪಕ್ಕದ ಕುಮ್ಕಿ ಸರಕಾರದ ಭೂಮಿ. ಅದರಲ್ಲಿ ನಮಗಿರುವುದು ಕೆಲವು ಸವಲತ್ತು ಮಾತ್ರ, ಅದನ್ನು ನಮ್ಮದೆಂದು ಲೆಕ್ಕಕ್ಕೆ ಹಿಡಿದು ಮಾರಲು ಹೊರಡಬಾರದು. ಬರೇ ಪವರ್ ಆಫ್ ಅಟಾರ್ನಿಯಿಂದ ಆಸ್ತಿಯ ಒಡೆತನ ಬದಲಾಗುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಬೇರೆಯವರು ನಮ್ಮ ಜಾಗವನ್ನು ತಮ್ಮದೆಂದು ಬಹಿರಂಗವಾಗಿ 12 ವರ್ಷ ಅನುಭವಿಸಿದರೆ ಅದನ್ನು ಬಿಡಿಸಿಕೊಳ್ಳುವ ದಾವೆಗೆ ಕಾಲ ಮೀರಬಹುದು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಗಡಿಕಲ್ಲು ನೋಡಿ ಬರುವುದು ಅಗತ್ಯ. ಪಹಣಿ ಇಂದು ಅಂತರ್ಜಾಲದಲ್ಲಿ ಸಿಗುತ್ತದೆ, ಮುಂಬಯಿಯಲ್ಲಿ ಕುಳಿತೇ ಸರ್ವೆ ನಂಬರ್ ಹಾಕಿ ನೋಡಬಹುದು.

ಹಳೆಯ ಮನೆಯ ವಿಷಯದಲ್ಲೂ ಹೀಗೆಯೇ. ಜನವಾಸವಿಲ್ಲದ ಹಂಚಿನ ಮನೆ ಒಂದೆರಡು ಮಳೆಗಾಲಕ್ಕೆ ಸೋರತೊಡಗುತ್ತದೆ, ಗೆದ್ದಲು ಹಿಡಿಯುತ್ತದೆ. ದೈವದ ಕೋಣೆಯಿರುವ ಮನೆಯಾದರೆ ಅದರ ಭಾಗವನ್ನು ಕುಟುಂಬಕ್ಕೆ ಉಳಿಸಿಕೊಂಡು ಉಳಿದುದನ್ನು ಶಿಕ್ಷಕರಿಗೋ ಆಸ್ಪತ್ರೆಯ ನೌಕರರಿಗೋ ಕರಾರು ಮಾಡಿ ಬಾಡಿಗೆಗೆ ಕೊಡಬಹುದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ ಹೋಮ್‌ಸ್ಟೇ ನಡೆಸಬಹುದು. ಕಡಲ ಬದಿಯ ಜಾಗವಾದರೆ ಸಿಆರ್‌ಝಡ್ ನಿಯಮಗಳನ್ನು ಮೊದಲೇ ವಿಚಾರಿಸಬೇಕು. ಬಾಡಿಗೆಯ ಮೊತ್ತ ಚಿಕ್ಕದಿರಬಹುದು. ಮನೆಯಲ್ಲಿ ದೀಪ ಉರಿದರೆ ಮಾಡಾದರೂ ಉಳಿಯುತ್ತದೆ.

ಇಂದೇ ಮಾಡಬಹುದಾದದ್ದು

ಎಲ್ಲರೂ ಕಟ್ಟಡ ಕೆಡವಬೇಕು, ಎಲ್ಲರೂ ಗದ್ದೆಗಿಳಿಯಬೇಕು ಎಂದು ಈ ಮಾತುಗಳ ಅರ್ಥವಲ್ಲ. ಇದ್ದುದನ್ನು ಇದ್ದಂತೆಯೇ ಇಟ್ಟುಕೊಳ್ಳುವುದೂ ಒಂದು ತೀರ್ಮಾನವೇ. ಆದರೆ ಅದು ನಾವು ತಿಳಿದು ಮಾಡಿದ ತೀರ್ಮಾನವಾಗಿರಬೇಕು. ದಾಖಲೆ ಸರಿಯಿದ್ದವನು ಮಾರಬಹುದು, ಉಳಿಸಿಕೊಳ್ಳಬಹುದು, ಮಕ್ಕಳಿಗೆ ಹಂಚಬಹುದು. ದಾಖಲೆ ಸರಿಯಿಲ್ಲದವನ ಪರವಾಗಿ ಬೇರೆಯವರು ತೀರ್ಮಾನಿಸುತ್ತಾರೆ.

ಮೊದಲಾಗಿ, ಮನೆಯಲ್ಲಿ ಒಂದು ಫೈಲು ಮಾಡಿ ಫ್ಲ್ಯಾಟಿನ ಒಪ್ಪಂದ, ಶೇರು ಸರ್ಟಿಫಿಕೇಟು, ಬಾಡಿಗೆ ರಶೀದಿ, ಪಹಣಿ, ಪಾಲುಪಟ್ಟಿ ಇವುಗಳ ಪ್ರತಿಯನ್ನು ಒಂದೆಡೆ ಇಡಿ. ಎಲ್ಲಿದೆಯೆಂದು ಮಡದಿ-ಮಕ್ಕಳಿಗೆ ತಿಳಿಸಿ. ಎರಡನೆಯದಾಗಿ, ಸೊಸೈಟಿಯ ಮುಂದಿನ ಮಹಾಸಭೆಯಲ್ಲಿ ಕೈಯೆತ್ತಿ, ನಮ್ಮ ಕನ್ವೇಯನ್ಸ್ ಆಗಿದೆಯೇ ಎಂದು ಕೇಳಿ. ಮೂರನೆಯದಾಗಿ, ಸೊಸೈಟಿಯಲ್ಲಿ ನಾಮಿನಿ ಹೆಸರು ಕೊಟ್ಟೊಡನೆ ಎಲ್ಲ ಮುಗಿಯಿತೆಂದುಕೊಳ್ಳಬೇಡಿ. ನಾಮಿನಿಯ ಹೆಸರಿಗೆ ಸೊಸೈಟಿ ಶೇರು ವರ್ಗಾಯಿಸಿದರೂ ವಾರಸುದಾರರ ಹಕ್ಕಿನ ಪ್ರಶ್ನೆ ಉಳಿದೇ ಇರುತ್ತದೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದೆ. ಆದುದರಿಂದ ವಿಲ್ ಬರೆದಿಡುವುದು ಕ್ಷೇಮ. ನಾಲ್ಕನೆಯದಾಗಿ, ಮುಂದಿನ ಬಾರಿ ನೇಮಕ್ಕೋ ಮದುವೆಗೋ ಊರಿಗೆ ಹೋದಾಗ ಒಂದು ದಿನವನ್ನು ಗ್ರಾಮ ಆಡಳಿತಾಧಿಕಾರಿಯ ಕಚೇರಿಗೂ ತಾಲೂಕು ಕಚೇರಿಗೂ ಮೀಸಲಿಡಿ.

ನಮ್ಮ ಸಂಘ-ಸಂಸ್ಥೆಗಳಿಗೂ ಇಲ್ಲೊಂದು ಕೆಲಸವಿದೆ. ಯಕ್ಷಗಾನ, ನಾಟಕ, ಸನ್ಮಾನಗಳು ನಡೆಯಲಿ. ಅದೇ ಸಭಾಗೃಹದಲ್ಲಿ ವರ್ಷಕ್ಕೆ ಒಂದೆರಡು ಭಾನುವಾರ ವಕೀಲರು, ವಾಸ್ತುಶಿಲ್ಪಿಗಳು, ಊರಿನ ಕಂದಾಯ ನಿಯಮ ಬಲ್ಲ ನಿವೃತ್ತ ಅಧಿಕಾರಿಗಳನ್ನು ಕರೆಸಿ ಮಾರ್ಗದರ್ಶನ ಶಿಬಿರ ನಡೆಸಿದರೆ ಎಷ್ಟೋ ಕುಟುಂಬಗಳಿಗೆ ಉಪಕಾರವಾದೀತು. ಸಮಾಜದಲ್ಲಿ ಈ ವಿದ್ಯೆ ಬಲ್ಲವರಿಗೆ ಕೊರತೆಯಿಲ್ಲ.

ಬರಿಗೈಯಲ್ಲಿ ಬಂದ ಹಿರಿಯರು ಇಷ್ಟನ್ನು ಮಾಡಿಟ್ಟು ಹೋದರು. ಅದರ ಕಾಗದವನ್ನು ನಮ್ಮ ಹೆಸರಿಗೆ, ನಮ್ಮ ಮಕ್ಕಳ ಹೆಸರಿಗೆ ಸರಿಪಡಿಸಿಕೊಳ್ಳುವಷ್ಟು ಕೆಲಸವನ್ನಾದರೂ ನಾವು ಅವರು ಇರುವಾಗಲೇ, ಅವರ ನೆನಪು ಹಸಿಯಾಗಿರುವಾಗಲೇ ಮಾಡಿ ಮುಗಿಸಬೇಕು.